ಸ್ವಯಂಸೇವಕ ಸೈನಿಕನ ಜಾಡು ಹಿಡಿದು

ಪ್ರಶ್ನೆ: ನಮ್ಮ ಸೊಸೆ ಅಮೆರಿಕದವಳು. ಅವಳ ಪೂರ್ವಜರೊಬ್ಬರು 1861–65ರ ಅಂತರ್ಯುದ್ಧದಲ್ಲಿ ಒಹಾಯೊದ ಸ್ವಯಂಸೇವಕ ಪದಾತಿ ರೆಜಿಮೆಂಟಿನಲ್ಲಿದ್ದರಂತೆ. ಮೊಮ್ಮಕ್ಕಳಿಗಾಗಿ ದಾಖಲೆ ಹುಡುಕುವುದು ಹೇಗೆ?

ಉತ್ತರ: ಮೊದಲು ರೆಜಿಮೆಂಟಿನ ಸಂಖ್ಯೆ, ಅದರೊಳಗಿನ ತುಕಡಿಯಾದ ಕಂಪನಿಯ ಅಕ್ಷರ ಗೊತ್ತಾಗಬೇಕು. ರೆಜಿಮೆಂಟಿಗೆ ಸಾಮಾನ್ಯವಾಗಿ ಹತ್ತು ಕಂಪನಿ, ಎ ಯಿಂದ ಕೆ ವರೆಗೆ, ಜೆ ಇರುವುದಿಲ್ಲ. ಅಮೆರಿಕದ ರಾಷ್ಟ್ರೀಯ ಉದ್ಯಾನ ಇಲಾಖೆಯ ಜಾಲತಾಣದಲ್ಲಿ ಸೈನಿಕರ ಹೆಸರುಪಟ್ಟಿ ಉಚಿತ. ಜರ್ಮನ್ ಮೂಲದ ಹೆಸರಾದರೆ ನಾಲ್ಕೈದು ಕಾಗುಣಿತದಲ್ಲಿ ಹುಡುಕಿ. ಗುಮಾಸ್ತರು ಕಿವಿಗೆ ಬಿದ್ದಂತೆ ಬರೆದವರು. ಒಂದೇ ಹೆಸರಿನವರು ಹಲವರಿರುವುದರಿಂದ ವಯಸ್ಸು, ಊರು ತಾಳೆಯಾಗದೆ ಒಪ್ಪಿಕೊಳ್ಳಬೇಡಿ.

ಬಳಿಕ ವಾಷಿಂಗ್ಟನ್‌ನ ನ್ಯಾಷನಲ್ ಆರ್ಕೈವ್ಸ್ ಎಂಬ ಸರ್ಕಾರಿ ದಾಖಲೆ ಭಂಡಾರದಿಂದ ಎರಡು ಕಡತ ತರಿಸಿ: ಸೇವಾ ದಾಖಲೆಗೆ ನಮೂನೆ 86, ಪಿಂಚಣಿಗೆ ನಮೂನೆ 85. ಒಂದಕ್ಕೇ ಹಣವಿದ್ದರೆ ಪಿಂಚಣಿ ಕಡತವನ್ನೇ ಆರಿಸಿ. ವಿಧವೆಯ ಅರ್ಜಿಯಿದ್ದರೆ ಮದುವೆಯ ಪುರಾವೆ, ಮಕ್ಕಳ ಜನ್ಮದಿನ, ನೆರೆಯವರ ಸಾಕ್ಷಿ ಎಲ್ಲವೂ ಸಿಗಬಹುದು. ವಂಶವೃಕ್ಷಕ್ಕೆ ಅದಕ್ಕಿಂತ ದೊಡ್ಡ ನಿಧಿಯಿಲ್ಲ.

ಸೇವಾ ದಾಖಲೆಯ ಚೀಟಿಗಳು ಸಾಮಾನ್ಯವಾಗಿ ಎರಡೆರಡು ತಿಂಗಳ ಹಾಜರಿಯನ್ನಷ್ಟೇ ಹೇಳುತ್ತವೆ. ರೆಜಿಮೆಂಟ್ ಕಾದಾಡಿದಲ್ಲೆಲ್ಲ ಅವರೂ ಇದ್ದರೆಂದು ಬರೆದುಬಿಡಬೇಡಿ. ಆ ದಿನ ಆಸ್ಪತ್ರೆಯಲ್ಲಿದ್ದಿರಬಹುದು.