ಕಿಟಕಿ ಬದಿಯ ಸೀಟು

ಬುದ್ಧಿ ಬೆಳವಣಿಗೆ ನಿಧಾನವಾದ ಮಕ್ಕಳು ದೊಡ್ಡವರಾದ ಮೇಲೆ ಒಬ್ಬರೇ ಹೊರಗೆ ಹೋಗಬೇಕು ಅನ್ನುತ್ತಾರೆ, ಮನೆಯವರು ಹೆದರಿ ಬಿಡುವುದಿಲ್ಲ. ಕಾಸರಗೋಡು ಜಿಲ್ಲೆಯ ಬದಿಯಡ್ಕ, ಪೆರ್ಲ, ಮುಳ್ಳೇರಿಯ ಕಡೆಯಿಂದ ಈ ಸಮಸ್ಯೆ ಪದೇಪದೇ ಬರುತ್ತದೆ. ಅದಕ್ಕೇ ಬರೆಯುತ್ತಿದ್ದೇನೆ. ಗುರುತು ಸಿಗುವ ವಿವರಗಳನ್ನು ಬದಲಿಸಿದ್ದೇನೆ.

ಅವನಿಗೆ 27. ಬುದ್ಧಿ ಬೆಳವಣಿಗೆ ನಿಧಾನ, ಜೊತೆಗೆ ಅಪಸ್ಮಾರ. ಮಾತ್ರೆ ತಪ್ಪಿಸುವುದಿಲ್ಲ, ಫಿಟ್ಸ್ ಬರುವುದು ವರ್ಷಕ್ಕೆ ಒಂದೆರಡು ಸಲ. ಪೆರ್ಲದಿಂದ ಬದಿಯಡ್ಕಕ್ಕೆ ಒಬ್ಬನೇ ಬಸ್ಸಿನಲ್ಲಿ ಹೋಗಬೇಕು ಅಂತ ಹಟ. ಅಮ್ಮ ಗೇಟಿಗೆ ಬೀಗ ಹಾಕುತ್ತಿದ್ದರು. ಇಲ್ಲಿನ ಎಷ್ಟೋ ಮಕ್ಕಳ ವೈಕಲ್ಯಕ್ಕೆ ಕಾರಣ ಅನ್ನುವ ಕೀಟನಾಶಕ ಎಂಡೋಸಲ್ಫಾನನ್ನು ಗೇರು ತೋಟಗಳಿಗೆ ಹೆಲಿಕಾಪ್ಟರಿನಿಂದ ಸಿಂಪಡಿಸುವುದು ನಿಂತದ್ದು 2000ದಲ್ಲಿ. ಇವನು ಹೊಟ್ಟೆಯಲ್ಲಿದ್ದಾಗ ಆ ಸದ್ದು ಕೇಳಿದವರು ಅವರು. ಹೆದರಬೇಡಿ ಅನ್ನಲು ನನಗೆ ಬಾಯಿ ಬರಲಿಲ್ಲ.

ಅಮ್ಮ ಮಗ ನಾಲ್ಕನೇ ಸಲ ನನ್ನ ಹತ್ತಿರ ಬಂದಾಗ ಅವನನ್ನೇ ಕೇಳಿದೆ, "ಬಸ್ಸಲ್ಲಿ ಒಬ್ಬನೇ ಹೋಗಿ ಏನು ಮಾಡ್ತಿ?"

"ಕಿಟಕಿ ಬದಿ ಕೂತುಕೊಳ್ತೇನೆ ಟೀಚರ್. ಅಮ್ಮ ಬಿಡುದಿಲ್ಲ."

"ಕೈ ಹೊರಗೆ ಹಾಕ್ತಾನೆ ಟೀಚರ್" ಅಂದರು ಅಮ್ಮ.

ಅವನು ಎರಡೂ ಕೈಗಳನ್ನು ತೊಡೆಯ ಕೆಳಗೆ ತುರುಕಿ, ಬೆನ್ನು ನೆಟ್ಟಗೆ ಮಾಡಿ ಕೂತ. "ಹೀಗೆ ಕೂತ್ರೆ?"

ಅಮ್ಮ ಚೀಲದ ಜಿಪ್ ಎಳೆದರು, ಹಾಕಿದರು, ಮತ್ತೆ ಎಳೆದರು. ಕೊನೆಗೆ, "ಬೋರ್ಡು ಮಲಯಾಳದಲ್ಲಿರ್ತದೆ, ಇವನಿಗೆ ಓದ್ಲಿಕ್ಕೆ ಬರುದಿಲ್ಲ" ಅಂದರು.

"ಬಸ್ಸಿನ ಬಣ್ಣ ಗೊತ್ತುಂಟಲ್ಲ!" ಅಂದ ಅವನು.

ಅವತ್ತೇ ಪ್ಲಾನು ಮಾಡಿದೆವು. ಬುಧವಾರ ಮಾತ್ರ ಪ್ರಯಾಣ. ಮೊದಲೆರಡು ಸಲ ಅಮ್ಮ ಹಿಂದಿನ ಸೀಟಿನಲ್ಲಿ, ಆಮೇಲೆ ಅವನೊಬ್ಬನೇ. ಜೇಬಿನಲ್ಲಿ ಹೆಸರು, ಕಾಯಿಲೆ, ಫೋನ್ ನಂಬರು ಬರೆದ ಚೀಟಿ, ಕನ್ನಡ ಮಲಯಾಳ ಎರಡರಲ್ಲೂ. ಬಾಗಿಲ ಹತ್ತಿರ ನಿಲ್ಲಬಾರದು. ಮಾತ್ರೆ ಮರೆತ ದಿನ ಬಸ್ಸಿಲ್ಲ, ಇದು ಅವನೇ ಮಾಡಿದ ರೂಲು. ಕಂಡಕ್ಟರಿಗೂ ಹೇಳಿಕೊಟ್ಟೆವು: ಫಿಟ್ಸ್ ಬಂದರೆ ಒಂದು ಪಕ್ಕಕ್ಕೆ ಮಲಗಿಸಿ, ಬಾಯಿಗೆ ಏನೂ ತುರುಕಬೇಡಿ, ಕೈಗೆ ಬೀಗದ ಕೈ ಕೊಡಬೇಡಿ (ಅದರಿಂದ ಏನೂ ಆಗುವುದಿಲ್ಲ), ಐದು ನಿಮಿಷ ದಾಟಿದರೆ ಆಸ್ಪತ್ರೆಗೆ ಒಯ್ಯಿರಿ.

ತೋಟದ ಕೆರೆಗೆ ಒಬ್ಬನೇ ಇಳಿಯುತ್ತೇನೆ ಅಂದದ್ದಕ್ಕೆ ಮಾತ್ರ ನಾನೂ ಬೇಡ ಅಂದೆ. ನೀರಿನಲ್ಲಿ ಫಿಟ್ಸ್ ಬಂದರೆ ಹಿಡಿಯುವವರು ಯಾರು?

"ಏನಾದ್ರೂ ಆದ್ರೆ ನೀವು ಬರ್ತೀರಾ?" ಅಂತ ಅವನ ಸೋದರಮಾವ ಕೇಳಿದರು. ನ್ಯಾಯವಾದ ಪ್ರಶ್ನೆಯೇ. ಆದರೆ ಬೀಗ ಹಾಕಿದ ಮನೆಯಲ್ಲೂ ಫಿಟ್ಸ್ ಬರುತ್ತದೆ, ಅಲ್ವಾ? ಅಲ್ಲಿ ನೋಡಲು ಇರುವುದು ಅಮ್ಮ ಒಬ್ಬರೇ, ಅವರಿಗೂ ವಯಸ್ಸಾಗುತ್ತಿದೆ. ಬಸ್ಸಿನಲ್ಲಿ ಇಪ್ಪತ್ತು ಜನ ಅವನ ಮುಖದ ಗುರುತು ಹಿಡಿಯುತ್ತಾರೆ. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯ ಪ್ರಕಾರವೂ ಕಾನೂನಿನ ಕಣ್ಣಿನಲ್ಲಿ ಅವನು ಬೇರೆಯವರಿಗೆ ಸಮ.

ಹೋದ ತಿಂಗಳು ಬಸ್ಸಿನಲ್ಲಿ ನಿದ್ದೆ ಹೋಗಿ ಎರಡು ಸ್ಟಾಪು ಮುಂದೆ ಇಳಿದ. ಚೀಟಿ ನೋಡಿ ಯಾರೋ ಫೋನ್ ಮಾಡಿದರು. ಅಮ್ಮ ನನಗೆ ಚೆನ್ನಾಗಿ ಬೈದರು. ಮುಂದಿನ ಬುಧವಾರ ಬೆಳಿಗ್ಗೆ ಗೇಟು ತೆಗೆದವರೂ ಅವರೇ.