ನಾಲ್ಕನೇ ಪುಟದಿಂದ ಶುರುಮಾಡಿ

ಪ್ರಿಯ ಲೇಖಕರೇ,

ಗ್ರೀಕ್ ದ್ವೀಪಗಳ ಬೆಳ್ಳಿ ನಾಣ್ಯಗಳ ಕುರಿತ ನಿಮ್ಮ ಲೇಖನವನ್ನು ಎರಡು ಸಲ ಓದಿದೆ. ಈಗಿರುವ ರೂಪದಲ್ಲಿ ಪ್ರಕಟಿಸಲು ಆಗುವುದಿಲ್ಲ. ಕೈಬಿಡಲೂ ಮನಸ್ಸಿಲ್ಲ. ಕಾರಣ, ನಾಲ್ಕನೇ ಪುಟದಲ್ಲಿರುವ ಥಾಸೋಸ್ ದ್ವೀಪದ ಪುಟ್ಟ ನಾಣ್ಯ.

ಮೊದಲ ಮೂರು ಪುಟ ‘ಭವ್ಯ ನಾಗರಿಕತೆ’, ‘ಅದ್ಭುತ ಕಲಾಕೌಶಲ’ ಎನ್ನುವುದರಲ್ಲೇ ಮುಗಿದಿವೆ. ಅಷ್ಟು ಓದಿದ ಮೇಲೂ ನಾಣ್ಯ ಎಷ್ಟು ದೊಡ್ಡದು, ಎಷ್ಟು ತೂಗುತ್ತದೆ ಎಂದು ತಿಳಿಯಲಿಲ್ಲ. ಒಬೋಲ್ ಎಂದರೆ ಗ್ರೀಕರ ಬೆಳ್ಳಿ ಚಿಲ್ಲರೆ. ಥಾಸೋಸ್‌ನ ಆ ಒಂದೂವರೆ ಒಬೋಲ್ ನಾಣ್ಯ ಒಂದು ಗ್ರಾಂ ಕೂಡ ಇಲ್ಲ, ಸುಮಾರು ಏಳು ಗುಲಗಂಜಿ ತೂಕ. ಅಷ್ಟರಲ್ಲೇ ಒಂದು ಬದಿಗೆ ಪಾನಪಾತ್ರೆ ಹಿಡಿದು ಮಂಡಿಯೂರಿದ ಸಾಟಿರ್ (ದ್ರಾಕ್ಷಾರಸದ ದೇವರ ಪುರಾಣದ ಒಡನಾಡಿ), ಇನ್ನೊಂದು ಬದಿಗೆ ಎರಡು ಹಿಡಿಯ ಜಾಡಿ, ಅದರ ಅಕ್ಕಪಕ್ಕ ‘ಥಾಸಿಯೋನ್’, ಅಂದರೆ ಥಾಸೋಸಿನವರದು. ದ್ರಾಕ್ಷಾರಸಕ್ಕೆ ಹೆಸರಾದ ದ್ವೀಪ ತನ್ನ ಸರಕನ್ನೇ ಚಿಲ್ಲರೆಯ ಮೇಲೆ ಒತ್ತಿತ್ತು. ಇದನ್ನು ನೀವು ಒಂದೇ ಸಾಲಿನಲ್ಲಿ ದಾಟಿಬಿಟ್ಟಿದ್ದೀರಿ!

ಇಂಥ ಚಿಲ್ಲರೆಯನ್ನು ಜನ ಹೇಗೆ ಬಳಸುತ್ತಿದ್ದರು ಎಂಬುದೂ ಬರಲಿ. ಅಥೆನ್ಸಿನಲ್ಲಿ ಅದನ್ನು ಬಾಯಲ್ಲಿಟ್ಟುಕೊಂಡು ಓಡಾಡುತ್ತಿದ್ದರು. ಕ್ರಿ.ಪೂ. 422ರ ‘ಕಣಜಗಳು’ ನಾಟಕದಲ್ಲಿ ಅರಿಸ್ಟೋಫೇನಿಸ್‌ನ ಮುದುಕ ದೂರುತ್ತಾನೆ: ಜೊತೆಗಾರನೊಬ್ಬ ಮೀನುಪೇಟೆಯಲ್ಲಿ ಇಬ್ಬರಿಗೂ ಸೇರಿದ ಒಂದು ದ್ರಾಖ್ಮವನ್ನು, ಅಂದರೆ ಆರು ಒಬೋಲ್‌ನ ನಾಣ್ಯವನ್ನು, ಮುರಿಸಿ, ತನ್ನ ಪಾಲಿಗೆ ಮೂರು ಮೀನಿನ ಹುರುಪೆ ಕೊಟ್ಟನಂತೆ. ಒಬೋಲ್ ಎಂದುಕೊಂಡು ಬಾಯಿಗೆ ಹಾಕಿಕೊಂಡವನು ವಾಸನೆ ತಡೆಯದೆ ಉಗಿದನಂತೆ. ನಾಣ್ಯ ಎಷ್ಟು ಸಣ್ಣದು, ತೆಳ್ಳಗಿನದು ಎಂದು ಹೇಳಲು ಇನ್ನೇನು ಬೇಕು?

ಕೆಲವು ತಿದ್ದುಪಡಿ. ರೋಡ್ಸ್ ನಾಣ್ಯದ ಹೂವು ಕಮಲವಲ್ಲ, ಗುಲಾಬಿ. ಗ್ರೀಕಿನಲ್ಲಿ ಗುಲಾಬಿಗೆ ‘ರೋಡೋನ್’. ಕ್ರಿ.ಪೂ. 408ರಲ್ಲಿ ಮೂರು ಊರು ಸೇರಿ ಕಟ್ಟಿದ ನಗರ ತನ್ನ ಹೆಸರನ್ನೇ ಹೂವಾಗಿಸಿತು. ಮೇಲೋಸ್ ದ್ವೀಪ ಕೂಡ ‘ಮೇಲೋನ್’ (ಸೇಬಿನಂಥ ಹಣ್ಣು) ಎಂಬ ಹೆಸರು ಹಿಡಿದು ಹೀಗೇ ಮಾಡಿತು. ಎರಡನ್ನೂ ಒಟ್ಟಿಗೆ ತನ್ನಿ. ಈಜೀನಾ ದ್ವೀಪದ ನಾಣ್ಯದ ಮೇಲಿದ್ದ ಕಡಲಾಮೆ ಮುಂದೆ ನೆಲದ ಆಮೆಯಾದದ್ದು ನಿಜ. ಅಥೆನ್ಸಿಗೆ ಸೋತು ಕಡಲ ಒಡೆತನ ಕಳೆದುಕೊಂಡದ್ದರಿಂದ ಹಾಗಾಯಿತು ಎಂಬುದು ಊಹೆ. ಊಹೆಯೆಂದೇ ಬರೆಯಿರಿ.

ನಮ್ಮ ನಾಣ್ಯಗಳ ಜೊತೆ ಮಾಡಿದ ಉದ್ದನೆಯ ಹೋಲಿಕೆ ಬೇಡ. ‘ದ್ರಾಖ್ಮ’ ಎಂದರೆ ಹಿಡಿ, ಆರು ಒಬೋಲ್‌ಗಳ ಹಿಡಿ. ನಮ್ಮ ಶಾಸನಗಳ ‘ದ್ರಮ್ಮ’ದ ಮೂಲವೂ ಅದೇ. ಆ ಒಂದು ಮಾತು ಸಾಕು.

ಥಾಸೋಸ್‌ನಿಂದ ಶುರುಮಾಡಿ, ಅರ್ಧಕ್ಕಿಳಿಸಿ ಮತ್ತೆ ಕಳಿಸಿ. ನಾನೇ ಓದುತ್ತೇನೆ. ನಾಣ್ಯದ ಎರಡೂ ಬದಿಯ ಚಿತ್ರ ಇರಲಿ, ಪಕ್ಕದಲ್ಲಿ ಅಳತೆಪಟ್ಟಿ ಕಾಣಲಿ.

ವಿಶ್ವಾಸದಿಂದ,
ಸಂಪಾದಕ