ಗೊಬ್ಬರ ಹಾಕುವ ಮುಂಚೆ ಎಲೆ ನೋಡಿ: ಕುಂಡದ ಗಿಡಗಳ ಪ್ರಶ್ನೋತ್ತರ

ಈ ಸಲ ಬಂದ ಪತ್ರಗಳಲ್ಲಿ ಹೆಚ್ಚಿನವು ಕೇಳಿರುವುದು ಒಂದೇ: ಎಲೆ ಹಳದಿಯಾಗಿದೆ, ಯಾವ ಗೊಬ್ಬರ ಹಾಕಲಿ? ನನ್ನ ಮರುಪ್ರಶ್ನೆಯೂ ಒಂದೇ. ಯಾವ ಎಲೆ? ತುದಿಯ ಚಿಗುರೋ, ಬುಡದ ಹಳೆ ಎಲೆಯೋ? ಇಷ್ಟು ಬರೆದು ಕಳಿಸಿದರೆ ಅರ್ಧ ಉತ್ತರ ನಿಮಗೇ ಸಿಕ್ಕಿರುತ್ತದೆ.

ಪ್ರಶ್ನೆ: ನಮಸ್ಕಾರ ಮೇಡಂ. ನಮ್ಮ ಟೆರೇಸ್ ಮೇಲೆ ದೊಡ್ಡ ಕುಂಡದಲ್ಲಿ ಕರಿಬೇವು ಇದೆ. ಚಿಗುರು ಬರುವಾಗಲೇ ಹಳದಿ, ನರ ಮಾತ್ರ ಹಸಿರು. ಎರೆಗೊಬ್ಬರ, ಮೊಟ್ಟೆ ಸಿಪ್ಪೆ ಪುಡಿ, ಒಲೆ ಬೂದಿ ಎಲ್ಲ ಹಾಕಿದ್ದಾಯ್ತು. ಯಾರೋ ಹೇಳಿದರು ಅಂತ ತುಕ್ಕು ಹಿಡಿದ ಮೊಳೆಗಳನ್ನೂ ಹೂತಿದ್ದೇವೆ. ನೀರು ಬೋರ್‌ವೆಲ್‌ದು. ಅಡುಗೆಗೆ ಬಳಸುವ ಗಿಡ, ಹಾಗಾಗಿ ರಾಸಾಯನಿಕ ಗೊಬ್ಬರ ಬೇಡ.
(ಓದುಗರು, ಚಿತ್ರದುರ್ಗ)

ಉತ್ತರ: ನೀವು ಗಿಡವನ್ನು ಸರಿಯಾಗಿ ನೋಡಿದ್ದೀರಿ. ಚಿಗುರು ಹಳದಿ, ನರ ಹಸಿರು ಅಂದರೆ ಗಿಡಕ್ಕೆ ಕಬ್ಬಿಣ ಸಿಗುತ್ತಿಲ್ಲ. ಮಣ್ಣಲ್ಲಿ ಕಬ್ಬಿಣ ಇಲ್ಲ ಅಂತಲ್ಲ. ನಿಮ್ಮ ಕಡೆಯ ಕೆಂಪು ಮಣ್ಣಿಗೆ ಆ ಬಣ್ಣ ಬಂದಿರುವುದೇ ಕಬ್ಬಿಣದಿಂದ. ಇದ್ದರೂ ಬೇರಿಗೆ ಎಟುಕುತ್ತಿಲ್ಲ, ಅಷ್ಟೇ.

ಯಾಕೆ ಅಂತ ಹೇಳುತ್ತೇನೆ. ಮಣ್ಣಿನ ರಸಸಾರ, ಅಂದರೆ ಹುಳಿ-ಕ್ಷಾರದ ಅಳತೆಯಾದ ಪಿಎಚ್, 7.5 ದಾಟಿತು ಅಂದರೆ ಕಬ್ಬಿಣ ನೀರಿನಲ್ಲಿ ಕರಗುವುದು ತುಂಬಾ ಕಡಿಮೆಯಾಗುತ್ತದೆ. ನಿಮ್ಮ ಬೋರ್ ನೀರು ಕಾಯಿಸುವ ಪಾತ್ರೆಯ ತಳದಲ್ಲಿ ಬಿಳಿ ಪದರ ಕಟ್ಟುತ್ತದಾ, ನೋಡಿ. ಕಟ್ಟುತ್ತಿದ್ದರೆ ಅದು ಸುಣ್ಣ, ಬೈಕಾರ್ಬನೇಟ್ ಇರುವ ಗಡಸು ನೀರು. ದಿನಾ ಒಂದು ಚೊಂಬು ಹಾಕಿದಾಗಲೂ ಕುಂಡಕ್ಕೆ ಸ್ವಲ್ಪ ಸ್ವಲ್ಪ ಸುಣ್ಣ ಸೇರುತ್ತಾ ಹೋಗುತ್ತದೆ. ಹೊಲದಲ್ಲಾದರೆ ಮಳೆಗೆ ತೊಳೆದು ಕೆಳಗಿಳಿಯುತ್ತದೆ, ಕುಂಡದಲ್ಲಿ ಹೋಗಲು ಜಾಗ ಎಲ್ಲಿದೆ? ಅದರ ಮೇಲೆ ಮೊಟ್ಟೆ ಸಿಪ್ಪೆ ಬಿತ್ತು, ಅದೂ ಸುಣ್ಣವೇ. ಬೂದಿ ಬಿತ್ತು, ಅದು ಪಿಎಚ್ ಅನ್ನು ಇನ್ನೂ ಮೇಲಕ್ಕೆ ಎತ್ತುತ್ತದೆ. ಗಿಡದ ಮೇಲಿನ ಪ್ರೀತಿಗೇ ಹಾಕಿದ್ದೀರಿ, ಆದರೆ ಈ ಎರಡನ್ನು ಇವತ್ತೇ ನಿಲ್ಲಿಸಿ. ಮೊಳೆಯಿಂದಲೂ ಉಪಯೋಗ ಇಲ್ಲ, ಇಂಥ ಮಣ್ಣಲ್ಲಿ ತುಕ್ಕು ಕರಗುವುದಿಲ್ಲ. ತೆಗೆದುಬಿಡಿ, ಕೈಗೆ ಚುಚ್ಚೀತು.

ಅನುಮಾನ ಇದ್ದರೆ ಕುಂಡದ ಒಂದು ಚಮಚ ಒಣ ಮಣ್ಣಿನ ಮೇಲೆ ವಿನೆಗರ್ ಹನಿಸಿ. ಬುಸ್ ಅಂತ ನೊರೆ ಬಂದರೆ ಸುಣ್ಣ ಜಾಸ್ತಿ ಇದೆ. ಹಾಗೇ ಕುಂಡದ ತೂತು ಕಟ್ಟಿಕೊಂಡಿಲ್ಲ ತಾನೇ ಅಂತ ನೋಡಿ. ನೀರು ನಿಂತು ಬೇರಿಗೆ ಗಾಳಿ ಸಿಗದಿದ್ದರೂ ಚಿಗುರು ಇದೇ ಥರ ಬಿಳಿಚಿಕೊಳ್ಳುತ್ತದೆ. ಮಣ್ಣು ಹುಳಿ ವಾಸನೆ ಬರುತ್ತಿದ್ದರೆ ಮೊದಲು ಅದನ್ನು ಸರಿಮಾಡಿ.

ಈಗ ಮಾಡಬೇಕಾದ್ದು. ಮೇಲಿನ ಎರಡು ಮೂರು ಇಂಚು ಮಣ್ಣು ತೆಗೆದು, ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರ ಮತ್ತು ಎಲೆಗೊಬ್ಬರ ತುಂಬಿ. ಕಳಿತ ಸಾವಯವ ವಸ್ತು ಕಬ್ಬಿಣವನ್ನು ಹಿಡಿದಿಟ್ಟು ಬೇರಿಗೆ ಸಿಗುವ ಹಾಗೆ ಮಾಡುತ್ತದೆ. ಮಳೆ ಬಂದಾಗ ಟೆರೇಸ್ ನೀರನ್ನು ಡ್ರಮ್‌ನಲ್ಲಿ ಹಿಡಿದಿಟ್ಟುಕೊಳ್ಳಿ, ಕರಿಬೇವು, ದಾಸವಾಳ, ಕನಕಾಂಬರಕ್ಕೆ ಮಾತ್ರ ಅಂತ ಮೀಸಲಿಡಿ. ಕೋಟೆಯ ಮೇಲೆ ಗೋಪಾಲಸ್ವಾಮಿ ಹೊಂಡದಂಥವನ್ನು ಕಟ್ಟಿ ಬಂಡೆಯ ಮೇಲೆ ಬಿದ್ದ ಮಳೆಯನ್ನೆಲ್ಲ ಹಿಡಿದಿಟ್ಟ ಊರು ನಿಮ್ಮದು, ಒಂದು ಡ್ರಮ್ ಕಷ್ಟ ಆಗಲಾರದು. ಹುಳಿ ಮಜ್ಜಿಗೆಯನ್ನು ಹತ್ತು ಪಟ್ಟು ನೀರು ಸೇರಿಸಿ ಆಗೊಮ್ಮೆ ಈಗೊಮ್ಮೆ ಹಾಕುವ ನಮ್ಮ ಅಜ್ಜಿಯರ ರೂಢಿಯಿಂದ ತಾತ್ಕಾಲಿಕವಾಗಿ ಸ್ವಲ್ಪ ಅನುಕೂಲ ಇದೆ, ಆದರೆ ವರ್ಷಗಟ್ಟಲೆ ಸೇರಿದ ಸುಣ್ಣವನ್ನು ಮಜ್ಜಿಗೆ ಕರಗಿಸುವುದಿಲ್ಲ.

ಇಷ್ಟಾದ ಮೇಲೂ ಹೊಸ ಚಿಗುರು ಹಳದಿಯೇ ಬಂದರೆ ಫೆರಸ್ ಸಲ್ಫೇಟ್, ಅಂದರೆ ಅನ್ನಭೇದಿಯನ್ನು, ಲೀಟರ್ ನೀರಿಗೆ 2 ಗ್ರಾಂ ಕರಗಿಸಿ, ನಾಲ್ಕು ಹನಿ ನಿಂಬೆರಸ ಸೇರಿಸಿ, ಸಂಜೆ ಹೊತ್ತು ಎಲೆಗೆ ಸಿಂಪಡಿಸಿ. ರಾಸಾಯನಿಕ ಬೇಡ ಅಂದಿದ್ದೀರಿ, ಗೊತ್ತು. ಆದರೆ ಕೊರತೆ ಖಚಿತ ಆದಾಗ ಇಂಥ ಕಿರುಪೋಷಕಾಂಶ ಕೊಡಲು ಸಾವಯವ ಕೃಷಿಯ ನಿಯಮಗಳಲ್ಲೇ ಅವಕಾಶ ಇದೆ. ಸಿಂಪಡಿಸಿದ ಮೇಲೆ ಕೆಲವು ದಿನ ಎಲೆ ಕೀಳಬೇಡಿ, ಕಿತ್ತಾಗ ಚೆನ್ನಾಗಿ ತೊಳೆಯಿರಿ. ಈಗಾಗಲೇ ಪೂರ್ತಿ ಬಿಳಿಚಿದ ಎಲೆ ಮತ್ತೆ ಹಸಿರಾಗದೆ ಇರಬಹುದು. ಗುಣ ಕಾಣುವುದು ಮುಂದಿನ ಚಿಗುರಿನಲ್ಲಿ.

ಪ್ರಶ್ನೆ: ಮೇಡಂ, ಕೊಕೊಪೀಟ್ (ತೆಂಗಿನ ನಾರಿನ ಪುಡಿ), ಎರೆಗೊಬ್ಬರ ಅರ್ಧರ್ಧ ಹಾಕಿ ಗ್ರೋಬ್ಯಾಗ್‌ನಲ್ಲಿ ಮೆಣಸಿನಗಿಡ, ಬದನೆ ಬೆಳೆಸಿದ್ದೇನೆ. ಬುಡದ ಎಲೆಗಳು ಪೂರ್ತಿ ಹಳದಿಯಾಗಿ ಉದುರುತ್ತಿವೆ, ಗಿಡ ಮೇಲೇಳುತ್ತಿಲ್ಲ. ವಾರವಾರ ಜೀವಾಮೃತ (ಸಗಣಿ, ಗೋಮೂತ್ರ, ಬೆಲ್ಲ, ಹಿಟ್ಟು ಕಲಸಿ ಹುದುಗಿಸಿದ ದ್ರವ) ಕೊಡುತ್ತೇನೆ. ಇನ್ನೂ ಜಾಸ್ತಿ ಮಾಡಲಾ?
(ಕಾಲೇಜು ವಿದ್ಯಾರ್ಥಿ, ದಾವಣಗೆರೆ)

ಉತ್ತರ: ಬೇಡ. ಇದು ಸಾರಜನಕದ ಕೊರತೆ. ಮನೆಯಲ್ಲಿ ಊಟ ಕಡಿಮೆಯಾದಾಗ ಹಿರಿಯರು ತಮ್ಮ ತಟ್ಟೆಯದನ್ನು ಮಕ್ಕಳಿಗೆ ಬಡಿಸುವ ಹಾಗೆ, ಗಿಡವೂ ಹಳೆ ಎಲೆಯಲ್ಲಿದ್ದ ಸಾರಜನಕವನ್ನು ಎಳೆದು ಚಿಗುರಿಗೆ ಕೊಡುತ್ತದೆ. ಅದಕ್ಕೇ ಬುಡದಿಂದ ಹಳದಿ ಶುರು. ಪೊಟ್ಯಾಷ್, ಮೆಗ್ನೀಷಿಯಂ ಕೊರತೆಯೂ ಹಳೆ ಎಲೆಯಲ್ಲೇ ಕಾಣುತ್ತದೆ, ಆದರೆ ಪೊಟ್ಯಾಷ್ ಕಡಿಮೆ ಆದರೆ ಎಲೆಯ ಅಂಚು ಸುಡುತ್ತದೆ, ಮೆಗ್ನೀಷಿಯಂ ಕಡಿಮೆ ಆದರೆ ನರದ ಪಕ್ಕ ಹಸಿರು ಉಳಿದು ನಡುವೆ ಹಳದಿ ಆಗುತ್ತದೆ. ನಿಮ್ಮದು ಇಡೀ ಎಲೆ ಒಂದೇ ಸಮ ಹಳದಿ.

ಜೀವಾಮೃತ ಮುಖ್ಯವಾಗಿ ಸೂಕ್ಷ್ಮಜೀವಿಗಳಿಗಾಗಿ. ಅವಕ್ಕೆ ಕೆಲಸ ಮಾಡಲು ಮಣ್ಣಲ್ಲಿ ಸರಕು ಬೇಕಲ್ವಾ? ಕೊಕೊಪೀಟ್‌ನಲ್ಲಿ ಸಾರಜನಕ ಇಲ್ಲವೆನ್ನುವಷ್ಟು ಕಡಿಮೆ, ಎರೆಗೊಬ್ಬರದಲ್ಲಿ ಸಾಮಾನ್ಯವಾಗಿ ಶೇಕಡ 1ರಿಂದ 2. ಶೇಂಗಾ ಹಿಂಡಿಯಲ್ಲಿ ಸುಮಾರು 7 ಇದೆ, ಅದೂ ಪಕ್ಕದ ಚಳ್ಳಕೆರೆಯೇ ಶೇಂಗಾ ಎಣ್ಣೆಗೆ ಹೆಸರಾದ ಊರು, ನಿಮಗೆ ಹಿಂಡಿ ಹುಡುಕುವ ಕಷ್ಟ ಇಲ್ಲ. 100 ಗ್ರಾಂ ಹಿಂಡಿಯನ್ನು ಒಂದು ಲೀಟರ್ ನೀರಿನಲ್ಲಿ ಮೂರು ದಿನ ನೆನೆಸಿ, ದಿನಾ ಕಲಕಿ, ಸೋಸಿ, ಹತ್ತು ಪಟ್ಟು ನೀರು ಸೇರಿಸಿ ಬ್ಯಾಗಿಗೆ ಅರ್ಧ ಲೀಟರ್‌ನಂತೆ ಹದಿನೈದು ದಿನಕ್ಕೊಮ್ಮೆ ಕೊಡಿ. ವಾಸನೆ ಬರುತ್ತದೆ, ಪಕ್ಕದ ಮನೆಯವರಿಗೆ ಮೊದಲೇ ಹೇಳಿಡಿ. ಹಸಿ ಹಿಂಡಿಯನ್ನು ಬುಡಕ್ಕೆ ಒತ್ತಬೇಡಿ, ಕಳಿಯುವಾಗ ಬೇರು ಸುಡುತ್ತದೆ, ಇರುವೆಯೂ ಬರುತ್ತದೆ. ಇನ್ನೊಂದು ಮುಖ್ಯ ಮಾತು: ಬೇಸಿಗೆಯಲ್ಲಿ ಬ್ಯಾಗ್ ಪೂರ್ತಿ ಒಣಗಿದರೆ ಸೂಕ್ಷ್ಮಜೀವಿಗಳ ಕೆಲಸ ನಿಂತುಹೋಗುತ್ತದೆ, ಆಗ ಎಷ್ಟು ಗೊಬ್ಬರ ಇದ್ದರೂ ಗಿಡಕ್ಕೆ ಸೇರದು. ಒಣ ಎಲೆಯ ಮುಚ್ಚಿಗೆ ಹಾಕಿ.

ಪ್ರಶ್ನೆ: ಅಕ್ಕಿ ಗಿರಣಿಯ ಹೊಟ್ಟಿನ ಬೂದಿ ಸಿಗುತ್ತೆ. ಪೊಟ್ಯಾಷ್‌ಗೆ ಹಾಕಬಹುದಾ?
(ಓದುಗರು, ಹರಿಹರ)

ಉತ್ತರ: ಅದರಲ್ಲಿ ಬಹುಪಾಲು ಸಿಲಿಕಾ, ಪೊಟ್ಯಾಷ್ ತೀರಾ ಕಡಿಮೆ. ಮಣ್ಣು ಸಡಿಲ ಆಗಲಿ ಅಂತ ಸ್ವಲ್ಪ ಬೆರೆಸಬಹುದು. ಪೊಟ್ಯಾಷ್‌ಗೆ ಬಾಳೆಹಣ್ಣಿನ ಸಿಪ್ಪೆಯನ್ನು ಕಾಂಪೋಸ್ಟ್ ಮಾಡಿ ಹಾಕಿ. ನೆನೆಸಿದ ನೀರನ್ನೇ ನಂಬಬೇಡಿ, ಅದರಲ್ಲಿ ಇಳಿಯುವುದು ಕಡಿಮೆ.

ಪ್ರಶ್ನೆ: ಗುಲಾಬಿಗೆ ಯಾವುದಕ್ಕೂ ಕಡಿಮೆ ಮಾಡಿಲ್ಲ, ವಾರಕ್ಕೆ ಎರಡು ಸಲ ಏನಾದರೂ ಗೊಬ್ಬರ ಕೊಡುತ್ತೇನೆ. ಆದರೂ ಎಲೆ ತುದಿ ಕಂದಾಗಿ ಒಣಗುತ್ತಿದೆ, ಕುಂಡದ ಅಂಚಲ್ಲಿ ಬಿಳಿ ಪುಡಿ ಕಟ್ಟಿದೆ.
(ನಿವೃತ್ತ ಶಿಕ್ಷಕಿ, ದಾವಣಗೆರೆ)

ಉತ್ತರ: ಟೀಚರ್, ಇದು ಕೊರತೆ ಅಲ್ಲ, ಜಾಸ್ತಿ ಆಗಿರುವುದು. ಆ ಬಿಳಿ ಪುಡಿ ಗೊಬ್ಬರದಿಂದ, ನೀರಿನಿಂದ ಉಳಿದ ಉಪ್ಪು. ಸಾವಯವ ಅಂದರೆ ಎಷ್ಟು ಹಾಕಿದರೂ ತೊಂದರೆ ಇಲ್ಲ ಅನ್ನುವುದು ನಿಜ ಅಲ್ಲ. ಪುಡಿಯನ್ನು ಕೆರೆದು ತೆಗೆಯಿರಿ, ಕುಂಡದ ಗಾತ್ರದ ಎರಡರಷ್ಟು ಒಳ್ಳೆಯ ನೀರನ್ನು ನಿಧಾನವಾಗಿ ಹಾಕಿ, ತೂತಿನಿಂದ ಪೂರ್ತಿ ಇಳಿದುಹೋಗಲಿ. ತಟ್ಟೆಯಲ್ಲಿ ನಿಂತ ನೀರನ್ನು ಚೆಲ್ಲಿ. ಒಂದು ತಿಂಗಳು ಏನೂ ಕೊಡಬೇಡಿ. ಆಮೇಲೂ ಹೊಸ ಎಲೆ ಸುಟ್ಟರೆ ನೀರನ್ನೇ ಪರೀಕ್ಷೆ ಮಾಡಿಸಬೇಕು. ದಾವಣಗೆರೆಯಲ್ಲಿ ತರಳಬಾಳು ಕೃಷಿ ವಿಜ್ಞಾನ ಕೇಂದ್ರ ಇದೆ, ಹಿರಿಯೂರಿನ ಕಡೆಯವರಿಗೆ ಬಬ್ಬೂರು ಫಾರ್ಮ್‌ನ ಕೃಷಿ ವಿಜ್ಞಾನ ಕೇಂದ್ರ ಇದೆ, ಅಲ್ಲಿ ವಿಚಾರಿಸಿ.